ಶಿಂಬೋರ್ಸ್ಕಾ ಸಮಾಧಿ ಅಲ್ಲಿಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರದ ಪುರವಣಿಯಲ್ಲಿ ಪೋಲೆಂಡಿನ ಕವಯಿತ್ರಿ ವಿಸ್ಲಾವಾ ಶಿಂಬೋರ್ಸ್ಕಾ ಬಗ್ಗೆ ಬಂದ ಲೇಖನ ಓದಿ ಈ ಪತ್ರ ಬರೆಯುತ್ತಿದ್ದೇನೆ. ಅಂದು ಫೆಬ್ರುವರಿ 1, ಅವರು ತೀರಿಕೊಂಡ ದಿನ. ನೆನಪಿಟ್ಟುಕೊಂಡು ಹಾಕಿದಿರಿ, ಸಂತೋಷ. ಆದರೆ ಅಚ್ಚಿಗೆ ಕಳಿಸುವ ಮುಂಚೆ ಒಂದು ಸಲ ಸರಿಯಾಗಿ ನೋಡಬೇಕಿತ್ತು ಅಲ್ವಾ?

ನಾನು ಕ್ರಾಕೋವ್‌ಗೆ ಕೆಲಸಕ್ಕೆ ಬಂದು ಏಳು ತಿಂಗಳಾಯಿತು. ಅಮ್ಮ ಈಗ ನನ್ನ ಜೊತೆಗಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು, ವಯಸ್ಸು 68. ಬೆಳಿಗ್ಗೆ ಕಾಫಿ ಜೊತೆ ಮೊಬೈಲಿನಲ್ಲಿ ನಿಮ್ಮ ಪೇಪರ್ ಓದಲೇಬೇಕು. ಲೇಖನ ಓದಿದವರೇ, "ಈ ಊರಲ್ಲೇ ಮಣ್ಣು ಮಾಡಿರೋದಂತೆ ಕಣೇ, ಹೋಗಿ ಒಂದು ದೀಪ ಹಚ್ಚಿ ಬರೋಣ" ಎಂದರು. ನದಿ ದಡದ ಸ್ಕಾವ್ಕಾ ಚರ್ಚಿನ ನೆಲಮಾಳಿಗೆಯಲ್ಲಿ ಸಮಾಧಿ ಇದೆ ಅಂತ ನೀವು ಬರೆದಿದ್ದಿರಿ. ಪೇಪರಿನಲ್ಲೇ ಬಂದಿದೆಯಲ್ಲ ಅಂತ ನಂಬಿ ಹೊರಟೆವು.

ಮೈನಸ್ ಏಳು ಡಿಗ್ರಿ ಚಳಿ. ಭಾನುವಾರ ಬೇರೆ, ಟ್ರಾಮ್‌ಗೆ ಇಪ್ಪತ್ತು ನಿಮಿಷ ಕಾದೆವು. ಫುಟ್‌ಪಾತ್ ಮೇಲೆಲ್ಲ ಮಂಜುಗಡ್ಡೆ. ಅಮ್ಮನಿಗೆ ಮಂಡಿ ನೋವು, ನನ್ನ ತೋಳು ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ಚರ್ಚಿನ ಹತ್ತಿರ ಒಬ್ಬ ಅಜ್ಜಿಯನ್ನು ಕೇಳಿದೆ. ಅವರು ತಲೆ ಅಲ್ಲಾಡಿಸಿ, "ಇಲ್ಲಿರೋದು ಇನ್ನೊಬ್ಬ ಕವಿ ಮಿಲೋಷ್. ಶಿಂಬೋರ್ಸ್ಕಾ ಇರೋದು ರಾಕೊವಿಟ್ಸ್ಕಿ ಸ್ಮಶಾನದಲ್ಲಿ" ಎಂದರು. ಅದು ಹಳೇ ಊರು ದಾಟಿ ಆ ಕಡೆಗಿದೆ! ಅಮ್ಮ ಒಂದು ಮಾತೂ ಆಡಲಿಲ್ಲ. ನನಗೆ ಅಳುವೇ ಬಂತು.

ಚೆಸ್ಲಾವ್ ಮಿಲೋಷ್‌ಗೆ ನೊಬೆಲ್ ಬಂದದ್ದು 1980ರಲ್ಲಿ, ತೀರಿಕೊಂಡದ್ದು 2004ರಲ್ಲಿ. ಶಿಂಬೋರ್ಸ್ಕಾಗೆ ನೊಬೆಲ್ 1996ರಲ್ಲಿ, ಸಾವು 2012ರಲ್ಲಿ. ಇಬ್ಬರೂ ಕ್ರಾಕೋವ್‌ನಲ್ಲೇ ಕಣ್ಮುಚ್ಚಿದವರು. ಅಷ್ಟಕ್ಕೇ ಒಬ್ಬರನ್ನು ಇನ್ನೊಬ್ಬರ ಜಾಗದಲ್ಲಿ ಮಲಗಿಸಿಬಿಡುವುದೇ? ಇದು ಬರೀ ವಿಳಾಸದ ತಪ್ಪಲ್ಲ. ಆಕೆಯ ಅಂತ್ಯಕ್ರಿಯೆ ಧಾರ್ಮಿಕ ವಿಧಿಗಳಿಲ್ಲದೆ ನಡೆದಿತ್ತು. ಹೆತ್ತವರಿರುವ ಕುಟುಂಬದ ಸಮಾಧಿಗೇ ಆಕೆಯೂ ಸೇರಿದರು. ಅಂಥವರನ್ನು ಚರ್ಚಿನ ನೆಲಮಾಳಿಗೆಗೆ ಸೇರಿಸಿದರೆ ಆಕೆ ಬದುಕಿದ ರೀತಿಯನ್ನೇ ಸುಳ್ಳು ಮಾಡಿದಂತೆ.

ಮತ್ತೆರಡು ಟ್ರಾಮ್ ಹತ್ತಿ ಸ್ಮಶಾನ ಮುಟ್ಟುವಾಗ ನಾಲ್ಕು ಗಂಟೆ, ಕತ್ತಲಾಗುತ್ತಿತ್ತು. ತುಂಬಾ ದೊಡ್ಡ ಜಾಗ. ಮೂರು ಜನರನ್ನು ಕೇಳಿದ ಮೇಲೆ ಸಿಕ್ಕಿತು. ಕಲ್ಲಿನ ಮೇಲೆ ಹಿಮ ಕೂತಿತ್ತು. ಅಮ್ಮ ಗ್ಲೌಸ್ ಬಿಚ್ಚಿ ಬರಿಗೈಯಲ್ಲೇ ಒರೆಸಿದರು. ಬೆರಳು ಮರಗಟ್ಟಿ ನಾಲ್ಕು ಬೆಂಕಿಕಡ್ಡಿ ಹಾಳಾದವು, ಐದನೆಯದಕ್ಕೆ ಗಾಜಿನ ದೀಪ ಹತ್ತಿಕೊಂಡಿತು.

ಲೇಖನದಲ್ಲಿ ಇನ್ನೂ ತಪ್ಪುಗಳಿವೆ. ಆಕೆ ಮೊದಲಿನಿಂದಲೂ ಕಮ್ಯುನಿಸ್ಟರ ವಿರೋಧಿ ಅಂತ ಬರೆದಿದ್ದೀರಿ. ಅಲ್ಲ. ಆಕೆ ಪಕ್ಷದ ಸದಸ್ಯೆಯಾಗಿದ್ದರು, ಲೆನಿನ್‌ನನ್ನು ಹೊಗಳಿ ಪದ್ಯ ಬರೆದಿದ್ದರು. ಪಕ್ಷ ಬಿಟ್ಟದ್ದು 1966ರಲ್ಲಿ. ಅದನ್ನು ಆಕೆಯೇ ಮುಚ್ಚಿಡಲಿಲ್ಲ, ನೀವ್ಯಾಕೆ ಮುಚ್ಚುತ್ತೀರಿ? ಗದ್ಯದ ಬಗ್ಗೆಯಂತೂ ಒಂದು ಸಾಲೂ ಇಲ್ಲ. ಆಕೆ 1953ರಿಂದ ಸುಮಾರು 28 ವರ್ಷ ಒಂದು ಸಾಹಿತ್ಯ ವಾರಪತ್ರಿಕೆಯಲ್ಲಿ ದುಡಿದವರು. ಬೇರೆ ವಿಮರ್ಶಕರು ಕೈಗೆತ್ತಿಕೊಳ್ಳದ ಪುಸ್ತಕಗಳ ಬಗ್ಗೆ ಅಂಕಣ ಬರೆದರು. ಗೋಡೆಗೆ ವಾಲ್‌ಪೇಪರ್ ಅಂಟಿಸುವುದು ಹೇಗೆ ಅನ್ನುವ ಪುಸ್ತಕ, ಕೊನೆಗೆ ಗೋಡೆಯ ಕ್ಯಾಲೆಂಡರ್ ಬಗ್ಗೆ ಕೂಡ! ನಮ್ಮ ಅಮ್ಮನಿಗೆ ಕವಿತೆಗಿಂತ ಈ ಬರಹಗಳೇ ಜಾಸ್ತಿ ಇಷ್ಟ. ನೊಬೆಲ್ ಭಾಷಣದಲ್ಲಿ ಆಕೆ 'ನನಗೆ ಗೊತ್ತಿಲ್ಲ' ಎನ್ನುವ ಮಾತಿನ ಬೆಲೆ ಹೇಳಿದರು. ನಿಮ್ಮ ಲೇಖಕರಿಗೂ ಗೊತ್ತಿಲ್ಲದಿದ್ದರೆ ಯಾರನ್ನಾದರೂ ಕೇಳಬಹುದಿತ್ತು.

ಸೋಮವಾರವೇ ನಿಮ್ಮ ಕಚೇರಿಗೆ ಇಮೇಲ್ ಕಳಿಸಿದೆ, ಉತ್ತರ ಬರಲಿಲ್ಲ. ಫೋನ್ ಮಾಡಿದರೆ "ಪುರವಣಿಯವರು ಇಲ್ಲ, ನಾಳೆ ಮಾಡಿ" ಎಂದರು. ಮರುದಿನ ಮಾಡಿದರೂ ಅದೇ ಮಾತು.

ಊರಲ್ಲೂ ಇದೇ ಕಥೆ. ಶಿಂಬೋರ್ಸ್ಕಾ ಪುಸ್ತಕ ತರಿಸಿ ಅಂತ ಅಮ್ಮ ನಮ್ಮೂರಿನ ಗ್ರಂಥಾಲಯದಲ್ಲಿ ಎರಡು ಸಲ ಅರ್ಜಿ ಕೊಟ್ಟರು. ಮೊದಲ ಅರ್ಜಿ ಕಳೆದುಹೋಯಿತು, ಎರಡನೆಯದಕ್ಕೆ "ಅನುದಾನ ಇಲ್ಲ" ಅಂದರು. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ವರ್ಷ ವರ್ಷ ಕಟ್ಟುತ್ತೇವೆ. ಆ ದುಡ್ಡೆಲ್ಲ ಎಲ್ಲಿ ಹೋಗುತ್ತೆ? ಕೊನೆಗೆ ನಾನೇ ಇಂಗ್ಲಿಷ್ ಅನುವಾದ ಕೊಂಡು ಕಳಿಸಬೇಕಾಯಿತು.

ದಯವಿಟ್ಟು ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ ಬೇಡ, ಲೇಖನ ಬಂದ ಪುಟದಲ್ಲೇ ಹಾಕಿ. ಇಲ್ಲವಾದರೆ ಗೊತ್ತಿರುವವರಿಂದ ಲೇಖನವನ್ನೇ ಹೊಸದಾಗಿ ಬರೆಸಿ. ಗ್ರಂಥಾಲಯದವರೂ ಸ್ವಲ್ಪ ಎಚ್ಚರವಾಗಲಿ. ಮೂರು ದಿನದಿಂದ ಅಮ್ಮನ ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದೇನೆ. ನಂಬಿ ಓದುವವರನ್ನು ಹೀಗೆ ಅಲೆಸಬೇಡಿ.

– ನಿಮ್ಮ ಹಳೇ ಓದುಗರೊಬ್ಬರ ಮಗಳು, ಕ್ರಾಕೋವ್, ಪೋಲೆಂಡ್