ನಾಳೆಯ ಲಾಂಗ್ ಜಂಪ್ ಅಭ್ಯಾಸ: ಎಲ್ಲರೂ ಓದಿ

ನಾಳೆ ಬೆಳಿಗ್ಗೆ 5.30ಕ್ಕೇ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಬನ್ನಿ. ನಮ್ಮ ಕಲಬುರಗಿ ಬಿಸಿಲು ಗೊತ್ತೇ ಇದೆ, 8ರೊಳಗೆ ಮುಗಿಸೋಣ.

ನಿನ್ನೆಯ ವಿಡಿಯೋ ನಿಧಾನ ಮಾಡಿ ನೋಡಿದೆ. ಕಾಲಿಟ್ಟು ಜಿಗಿಯುವ ಹಲಗೆ ಹತ್ತಿರ ಬಂದಂತೆ ಬಹಳ ಮಂದಿ ಮೂರ್ನಾಲ್ಕು ಹೆಜ್ಜೆ ಗಿಡ್ಡ ಮಾಡುತ್ತೀರಿ. ಕಷ್ಟಪಟ್ಟು ಗಳಿಸಿದ ವೇಗ ಅಲ್ಲೇ ಇಳಿದುಹೋಗುತ್ತದೆ. ಆಮೇಲೆ ಸುಮ್ನೆ ಮೇಲಕ್ಕೆ ಜಿಗಿಯುತ್ತೀರಿ. 45 ಡಿಗ್ರಿ ಕೋನದಲ್ಲಿ ಎದ್ದರೆ ಅತಿ ದೂರ ಹೋಗುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೀರಿ, ಅಲ್ವಾ? ನೆಲದಿಂದ ಚಿಮ್ಮಿದ ಕಲ್ಲಿಗೆ ಆ ಲೆಕ್ಕ ಸರಿ. ಓಡಿ ಬಂದ ಮನುಷ್ಯ ಅಷ್ಟು ಮೇಲಕ್ಕೆ ಏಳಬೇಕಾದರೆ ಮುಂದಿನ ವೇಗವನ್ನು ಜಾಸ್ತಿ ಬಿಟ್ಟುಕೊಡಬೇಕಾಗುತ್ತದೆ. ಅದಕ್ಕೇ ಒಳ್ಳೆಯ ಜಿಗಿತಗಾರರು ಸುಮಾರು 20 ಡಿಗ್ರಿಯಲ್ಲೇ ಏಳುತ್ತಾರೆ. 1991ರಲ್ಲಿ ಟೋಕಿಯೋದಲ್ಲಿ 8.95 ಮೀಟರ್ ಹಾರಿದ ಮೈಕ್ ಪೊವೆಲ್ ಅವರ ಓಟ ಒಮ್ಮೆ ನೋಡಿ. ಕೊನೆಯದಕ್ಕಿಂತ ಹಿಂದಿನ ಹೆಜ್ಜೆ ತುಸು ಉದ್ದ, ಸೊಂಟ ಸ್ವಲ್ಪ ಕೆಳಗೆ, ಕೊನೆಯದು ಚಿಕ್ಕದು. ನಾಳೆ ಇದೊಂದನ್ನೇ ಮಾಡೋಣ.

ನನಗೆ ನಿಮ್ಮ ಮೊಣಕಾಲಿನದ್ದೇ ಚಿಂತೆ. ಕಾಲು ಸೆಟೆದು ಇಳಿಯಬೇಡಿ. ಮಡಚುತ್ತಾ ಇಳಿದರೆ ದೇಹ ನಿಲ್ಲಲು ಹೆಚ್ಚು ಸಮಯ ಸಿಗುತ್ತದೆ, ಹೊಡೆತ ಕಡಿಮೆಯಾಗುತ್ತದೆ.

ಮರಳು ಗಟ್ಟಿಯಾಗಿದೆ. ಯಾರಾದರೂ ಇಬ್ಬರು ಸಲಿಕೆ ತನ್ನಿ, ಕೆದರಿದ ಮೇಲೆಯೇ ಶುರು ಮಾಡೋಣ.