ಗೈಡ್ ಕೊಳ್ಳುವ ಮುನ್ನ ವಿಷಯಪಟ್ಟಿ ಕೈಯಲ್ಲಿರಲಿ

ಮಾನ್ಯ ಸಂಪಾದಕರೇ,

ಪದವಿ ಫಲಿತಾಂಶಗಳು ಬಂದು ಮಳೆ ಹಿಡಿಯುವ ಈ ದಿನಗಳಲ್ಲಿ ಮುಂಬಯಿ ಕನ್ನಡಿಗರ ಮನೆಗಳಿಂದ ನನಗೆ ಒಂದೇ ಪ್ರಶ್ನೆ ಬರುತ್ತಿರುತ್ತದೆ: ಮಗ ಸಿಸಿಎನ್‌ಎ ಪರೀಕ್ಷೆಗೆ ಕೂರುತ್ತಾನಂತೆ, ಮಗಳು ನೆಟ್‌ವರ್ಕಿಂಗ್ ಕಲಿಯುತ್ತಾಳಂತೆ, ಯಾವ ಗೈಡ್ ಕೊಡಿಸಲಿ? ನೆಟ್‌ವರ್ಕಿಂಗ್ ಎಂದರೆ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿ ನಡೆಸುವ ವಿದ್ಯೆ; ಸಿಸಿಎನ್‌ಎ ಅದರ ಪ್ರಮಾಣಪತ್ರಕ್ಕಾಗಿ ಸಿಸ್ಕೊ ಕಂಪನಿ ನಡೆಸುವ ಪರೀಕ್ಷೆ. ನಾನು ಐರೋಲಿಯ ಡೇಟಾ ಸೆಂಟರ್ ಒಂದರ ನೆಟ್‌ವರ್ಕ್ ವಿಭಾಗದಲ್ಲಿ ದುಡಿಯುವವಳು. ಬಿಡುವಿನ ಭಾನುವಾರಗಳಲ್ಲಿ ಡೊಂಬಿವಲಿಯ ನಮ್ಮ ನೆರೆಯ ಹುಡುಗ ಹುಡುಗಿಯರಿಗೆ ಈ ವಿಷಯ ಹೇಳಿಕೊಡುತ್ತೇನೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದನ್ನು ತಮ್ಮ ಪತ್ರಿಕೆಯಲ್ಲಿ ಹೇಳಿದರೆ ಹೆಚ್ಚು ಮನೆಗಳಿಗೆ ಉಪಯೋಗವಾದೀತು ಎಂದು ಈ ಪತ್ರ. ನಮ್ಮ ಸಂಘ ಸಂಸ್ಥೆಗಳ ಪದಾಧಿಕಾರಿಗಳೂ ದಯವಿಟ್ಟು ಕೊನೆಯವರೆಗೆ ಓದಬೇಕು.

ಹಣದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಿಸಿಎನ್‌ಎ ಪರೀಕ್ಷೆಯ ಶುಲ್ಕ 300 ಅಮೆರಿಕನ್ ಡಾಲರ್, ಅದರ ಮೇಲೆ ತೆರಿಗೆ. ನಮ್ಮ ರೂಪಾಯಿಯಲ್ಲಿ ಅದು 25 ಸಾವಿರ ದಾಟುತ್ತದೆ. ಹೋಟೆಲಿನ ಗಲ್ಲಾದಲ್ಲಿ ಕೂರುವ ತಂದೆಗೆ, ಹೊಲಿಗೆ ಮಾಡಿ ಮನೆ ತೂಗಿಸುವ ತಾಯಿಗೆ ಇದು ಸಣ್ಣ ಮೊತ್ತವಲ್ಲ. ನಪಾಸಾದರೆ ಐದು ದಿನ ಕಾದು ಮತ್ತೆ ಬರೆಯಬಹುದು, ಆದರೆ ಶುಲ್ಕ ಮತ್ತೆ ಪೂರ್ತಿ ಕಟ್ಟಬೇಕು. ಇಷ್ಟು ಖರ್ಚಿನ ಪರೀಕ್ಷೆಗೆ ಹೊರಟವರು ಪುಸ್ತಕದಲ್ಲಿ ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಪೇಚಿಗೆ ಸಿಲುಕುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಎಲ್ಲಕ್ಕಿಂತ ಮುಂಚೆ ಬರೆಯುವುದು ಯಾವ ಪರೀಕ್ಷೆ ಎಂಬುದು ತೀರ್ಮಾನವಾಗಲಿ. ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್ ಎಂಬ ಪರೀಕ್ಷೆ ಯಾವೊಂದು ಕಂಪನಿಯ ಉಪಕರಣಕ್ಕೂ ಕಟ್ಟುಬೀಳದೆ ಮೂಲತತ್ವಗಳನ್ನು ಕೇಳುತ್ತದೆ. 2024ರ ಜೂನ್‌ನಲ್ಲಿ ಬಂದ ಅದರ ಎನ್10-009 ಆವೃತ್ತಿಗೆ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಸಿಸ್ಕೊ ಕಂಪನಿಯ ಸಿಸಿಎನ್‌ಎಗೆ 120 ನಿಮಿಷ. ಅಲ್ಲಿ ಆ ಕಂಪನಿಯ ಸ್ವಿಚ್ (ಒಂದು ಜಾಲದೊಳಗಿನ ಯಂತ್ರಗಳನ್ನು ಜೋಡಿಸುವ ಪೆಟ್ಟಿಗೆ), ರೂಟರ್‌ಗಳ (ಒಂದು ಜಾಲದಿಂದ ಇನ್ನೊಂದಕ್ಕೆ ದಾರಿ ಆರಿಸಿ ಮಾಹಿತಿ ಕಳಿಸುವ ಪೆಟ್ಟಿಗೆ) ಆಜ್ಞೆಗಳೂ ಬರಬೇಕು, ಮತ್ತು ಒಂದು ಪ್ರಶ್ನೆ ದಾಟಿದ ಮೇಲೆ ಹಿಂದಕ್ಕೆ ಬರುವಂತಿಲ್ಲ. ಎರಡೂ ಪ್ರಮಾಣಪತ್ರಗಳ ಆಯುಷ್ಯ ಮೂರು ವರ್ಷ. ಒಂದಕ್ಕೆ ಬರೆದ ಗೈಡ್ ಇನ್ನೊಂದಕ್ಕೆ ಅರ್ಧ ಮಾತ್ರ ಸಲ್ಲುತ್ತದೆ. ನಮ್ಮ ವಿಭಾಗಕ್ಕೆ ಬರುವ ಅರ್ಜಿಗಳನ್ನು ನೋಡಿ ಹೇಳುವುದಾದರೆ, ರೂಟರ್ ಸ್ವಿಚ್‌ಗಳ ಕೆಲಸವೇ ಬೇಕೆನ್ನುವವರು ಸಿಸಿಎನ್‌ಎ ಕಡೆಗೆ ಹೋಗುವುದು ಒಳ್ಳೆಯದು. ಮುಂದಿನ ಮಾತು ಅದರದೇ.

ಸಿಸ್ಕೊ ತನ್ನ ಜಾಲತಾಣದಲ್ಲಿ ಪರೀಕ್ಷೆಯ ವಿಷಯಪಟ್ಟಿಯನ್ನು ಪುಕ್ಕಟೆಯಾಗಿ ಇಟ್ಟಿದೆ. ಕೆಲವೇ ಪುಟಗಳ ಅದನ್ನು ಮುದ್ರಿಸಿಕೊಳ್ಳಲು ಖರ್ಚಾಗುವುದು ಒಂದು ಚಹಾದ ಹಣ. ಆದರೂ ಗೈಡ್ ಕೇಳಿ ಬರುವ ಮಕ್ಕಳಲ್ಲಿ ಅದನ್ನು ಕಣ್ಣಾರೆ ಕಂಡವರು ತೀರಾ ಕಡಿಮೆ. ಆರು ಭಾಗಗಳಿವೆ: ನೆಟ್‌ವರ್ಕಿನ ಮೂಲತತ್ವಗಳಿಗೆ ಶೇ. 20, ಸ್ವಿಚಿಂಗ್ ಮತ್ತು ವೈರ್‌ಲೆಸ್‌ನ ಭಾಗಕ್ಕೆ ಶೇ. 20, ರೂಟಿಂಗ್‌ಗೆ ಶೇ. 25, ಐಪಿ ಸೇವೆಗಳಿಗೆ ಶೇ. 10, ಭದ್ರತೆಗೆ ಶೇ. 15, ಸ್ವಯಂಚಾಲನೆಗೆ ಶೇ. 10. ಈ ಪಟ್ಟಿ ಹಿಡಿದು ಅಂಗಡಿಗೆ ಹೋಗಿ, ಗೈಡಿನ ಪರಿವಿಡಿಯ ಜೊತೆ ಸಾಲು ಸಾಲಾಗಿ ತಾಳೆ ನೋಡಬೇಕು. ಅಂಗಡಿಯವರು ಅವಸರ ಮಾಡಿದರೆ ಇನ್ನೊಂದು ಅಂಗಡಿ ಇದ್ದೇ ಇದೆ.

ಮುಖಪುಟದ ಮೇಲಿನ ಸಂಖ್ಯೆ ನೋಡಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಸಾಲದು, ಇಲ್ಲೊಂದು ತೊಡಕಿದೆ. ಈಗಿನ ಸಿಸಿಎನ್‌ಎಯ ಸಂಖ್ಯೆ 200-301. ಅದು 2020ರ ಫೆಬ್ರವರಿಯಲ್ಲಿ ಜಾರಿಗೆ ಬಂತು. 2024ರ ಆಗಸ್ಟ್‌ನಲ್ಲಿ ವಿಷಯಪಟ್ಟಿಯನ್ನು ಪರಿಷ್ಕರಿಸಿ 1.1 ಎಂದು ಕರೆದರು, ಸಂಖ್ಯೆಯನ್ನು ಮಾತ್ರ ಬದಲಿಸಲಿಲ್ಲ. ಹಾಗಾಗಿ ಹಳೆಯ ಗೈಡ್ ಮೇಲೂ 200-301, ಹೊಸದರ ಮೇಲೂ 200-301. ಪರಿಷ್ಕೃತ ಪಟ್ಟಿಯ ಸ್ವಯಂಚಾಲನೆಯ ತಂತ್ರಾಂಶಗಳಲ್ಲಿ ಟೆರಾಫಾರ್ಮ್ ಬಂದಿದೆ, ಪಪೆಟ್ ಮತ್ತು ಶೆಫ್ ಹೋಗಿವೆ, ನೆಟ್‌ವರ್ಕ್ ನಿರ್ವಹಣೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ ಸೇರಿಕೊಂಡಿದೆ. ಗೈಡಿನ ಒಳಪುಟ ತೆರೆದು ಮುದ್ರಣದ ವರ್ಷ ನೋಡಬೇಕು. ಪರಿವಿಡಿಯಲ್ಲಿ ಟೆರಾಫಾರ್ಮ್ ಎಂಬ ಹೆಸರಿದೆಯೇ ಎಂದು ಹುಡುಕಬೇಕು. ಆ ಹೆಸರಿಲ್ಲದಿದ್ದರೆ ಅದು ಹಳೆಯ ಪಟ್ಟಿಗೆ ಬರೆದದ್ದು.

ಹುತಾತ್ಮ ಚೌಕದ ಕಾಲುದಾರಿಯಲ್ಲೂ ಮಾಟುಂಗದ ಕಿಂಗ್ಸ್ ಸರ್ಕಲ್ ಬಳಿಯೂ ಹಳೆಯ ಪುಸ್ತಕಗಳ ರಾಶಿಯಲ್ಲಿ ಇನ್ನೂ ಹಳೆಯ ಗೈಡ್‌ಗಳು ಸಿಗುತ್ತವೆ. 640-802 ಎಂಬ ಸಂಖ್ಯೆಯವು 2007ರ ಪರೀಕ್ಷೆಗೆ ಬರೆದವು. ಅವುಗಳಲ್ಲಿ ಫ್ರೇಮ್ ರಿಲೇ ಎಂಬ, ಈಗ ಪರೀಕ್ಷೆಯಲ್ಲಿ ಇಲ್ಲದ ತಂತ್ರಕ್ಕೆ ದೊಡ್ಡ ಅಧ್ಯಾಯವೇ ಇರುತ್ತದೆ. ಹಾಗೆಂದು ಹಳೆಯ ಪುಸ್ತಕಗಳನ್ನು ನಾನು ಹೀಗಳೆಯುವುದಿಲ್ಲ. ನನ್ನ ತಂದೆ ಫೋರ್ಟಿನ ಕ್ಯಾಂಟೀನಿನಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಅವರ ಕಾಲದಲ್ಲಿ ಒಂದೇ ಪಠ್ಯಪುಸ್ತಕ ವರ್ಷ ವರ್ಷ ಕೈಯಿಂದ ಕೈಗೆ ದಾಟಿ ಎಷ್ಟೋ ಮಂದಿಯನ್ನು ಮೆಟ್ರಿಕ್ ಮುಟ್ಟಿಸಿತು. ಐಪಿ ವಿಳಾಸದ (ಜಾಲದಲ್ಲಿ ಪ್ರತಿ ಯಂತ್ರಕ್ಕೂ ಇರುವ ಸಂಖ್ಯೆ) ಲೆಕ್ಕ, ಸಬ್‌ನೆಟ್ (ದೊಡ್ಡ ಜಾಲವನ್ನು ಸಣ್ಣ ತುಂಡುಗಳಾಗಿ ಒಡೆಯುವುದು) ಮಾಡುವ ಬಗೆ, ತಂತಿಯ ಮೂಲಕ ಯಂತ್ರಗಳನ್ನು ಜೋಡಿಸುವ ಈಥರ್‌ನೆಟ್‌ನ ಮೂಲಪಾಠ ಇವೆಲ್ಲ ಹಳೆಯ ಗೈಡಿನಿಂದಲೂ ಚೆನ್ನಾಗಿ ಕಲಿಯಬಹುದು. ಆದರೆ ಅದೊಂದನ್ನೇ ನಂಬಿ ಪರೀಕ್ಷೆಗೆ ಕೂತರೆ ವೈಫೈ ನಿಯಂತ್ರಿಸುವ ವೈರ್‌ಲೆಸ್ ಕಂಟ್ರೋಲರ್, ಮಾಹಿತಿ ಬರೆಯುವ ಒಂದು ಬಗೆಯಾದ ಜೇಸನ್, ಸ್ವಯಂಚಾಲನೆಯ ತಂತ್ರಾಂಶವಾದ ಅನ್ಸಿಬಲ್‌ಗಳ ಪ್ರಶ್ನೆಗಳ ಮುಂದೆ ಮಗು ಬರಿಗೈಯಲ್ಲಿ ನಿಲ್ಲುತ್ತದೆ. ಹಳೆಯದು ಜೊತೆಗಿರಲಿ, ಮುಖ್ಯ ಪುಸ್ತಕ ಹೊಸದೇ ಆಗಿರಲಿ.

ಪಟ್ಟಿಗೆ ಹೊಂದುವ ಗೈಡ್‌ಗಳು ಎರಡು ಮೂರು ಸಿಕ್ಕಾಗ ಯಾವುದು ಎಂಬ ಪ್ರಶ್ನೆ ಬರುತ್ತದೆ. ಸಿಸ್ಕೊ ಕಂಪನಿಯದೇ ಪ್ರಕಾಶನದ ಗೈಡ್ ಎರಡು ಸಂಪುಟಗಳದು, ಎರಡೂ ಸೇರಿ ಸಾವಿರ ಪುಟ ಮೀರುತ್ತವೆ. ಬೇರೆಯವರ ಒಂದೇ ಸಂಪುಟದ ಗೈಡ್‌ಗಳೂ ಇವೆ. ದಪ್ಪ ನೋಡಿ ಆರಿಸುವುದು ಬೇಡ. ಮೂರು ಜಾಗಗಳನ್ನು ತೆರೆದು ನೋಡಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ.

ಒಂದು, ಸಬ್‌ನೆಟ್ ಅಧ್ಯಾಯ. 192.168.10.77 ಎಂಬ ವಿಳಾಸ, /26 ಎಂಬ ಮಾಸ್ಕ್ (ತುಂಡಿನ ಅಳತೆ ಹೇಳುವ ಸಂಖ್ಯೆ) ಕೊಟ್ಟರೆ ಅದು 64ರಿಂದ 127ರವರೆಗಿನ ತುಂಡಿನಲ್ಲಿದೆ, 64 ನೆಟ್‌ವರ್ಕಿನ ವಿಳಾಸ, 127 ಬ್ರಾಡ್‌ಕಾಸ್ಟ್ (ತುಂಡಿನ ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕಳಿಸುವ ವಿಳಾಸ), ಯಂತ್ರಗಳಿಗೆ ಉಳಿಯುವುದು 62 ಎಂದು ಹೆಜ್ಜೆ ಹೆಜ್ಜೆಯಾಗಿ ತೋರಿಸಿದ್ದಾರೆಯೇ? ಕಾಗದ ಪೆನ್ನು ಹಿಡಿಸಿ ಸಾಕಷ್ಟು ಲೆಕ್ಕ ಮಾಡಿಸುತ್ತಾರೆಯೇ? ಇಲ್ಲಿ ಕೈ ಪಳಗದವರಿಗೆ ಪರೀಕ್ಷೆಯ 120 ನಿಮಿಷ ಸಾಲುವುದಿಲ್ಲ.

ಇನ್ನೊಂದು, ಸ್ವಿಚ್‌ಗಳ ನಡುವೆ ಮಾಹಿತಿ ಕೊನೆಯಿಲ್ಲದೆ ಸುತ್ತುತ್ತಲೇ ಇರದಂತೆ ನೋಡಿಕೊಳ್ಳುವ ಸ್ಪ್ಯಾನಿಂಗ್ ಟ್ರೀ. ಅದಕ್ಕಾಗಿ ಸ್ವಿಚ್‌ಗಳು ತಮ್ಮಲ್ಲೊಂದನ್ನು ಮುಖಂಡನಾಗಿ ಆರಿಸಿಕೊಳ್ಳುತ್ತವೆ. ಎಲ್ಲ ಸ್ವಿಚ್‌ಗಳಿಗೂ ಕಾರ್ಖಾನೆಯಿಂದ ಬರುವಾಗ ಆದ್ಯತೆಯ ಅಂಕ 32768 ಇರುತ್ತದೆ. ಅದನ್ನು ನಾವು ಬದಲಿಸದೆ ಬಿಟ್ಟರೆ ಮ್ಯಾಕ್ ವಿಳಾಸ (ತಯಾರಿಸುವಾಗಲೇ ಉಪಕರಣಕ್ಕೆ ಕೊಟ್ಟ ಸಂಖ್ಯೆ) ಯಾವುದರದು ಚಿಕ್ಕದೋ ಅದೇ ಮುಖಂಡನಾಗುತ್ತದೆ. ಸಾಮಾನ್ಯವಾಗಿ ಹಳೆಯ ಸ್ವಿಚ್‌ನ ವಿಳಾಸವೇ ಚಿಕ್ಕದು; ಹಾಗಾಗಿ ಮೂಲೆಯಲ್ಲಿ ಧೂಳು ಹಿಡಿದ ಅತ್ಯಂತ ನಿಧಾನದ ಸ್ವಿಚ್ ಇಡೀ ಕಚೇರಿಯ ದಟ್ಟಣೆಯನ್ನು ತನ್ನ ಕಡೆಗೆ ಎಳೆದುಕೊಂಡೀತು. ಕೆಲಸದಲ್ಲಿ ನಾನು ಕಂಡ ತೊಂದರೆಯಿದು. ಒಳ್ಳೆಯ ಗೈಡ್ ಈ ಪರಿಣಾಮವನ್ನು ಬಿಡಿಸಿ ಹೇಳುತ್ತದೆ. ಕಳಪೆ ಗೈಡ್ ವ್ಯಾಖ್ಯೆ ಬರೆದು ಮುಂದಕ್ಕೆ ಹೋಗುತ್ತದೆ.

ಮೂರನೆಯದು ರೂಟರ್‌ಗಳು ಒಳ್ಳೆಯ ದಾರಿ ಕಂಡುಕೊಳ್ಳಲು ಬಳಸುವ ಓಎಸ್‌ಪಿಎಫ್ ಎಂಬ ಕ್ರಮದ ಅಧ್ಯಾಯ, ನನಗೆ ಅತ್ಯಂತ ಪ್ರಿಯವಾದದ್ದು. ರೂಟರ್ ದಾರಿ ಆರಿಸುವಾಗ ಪ್ರತಿ ಕೊಂಡಿಗೂ ಒಂದು ವೆಚ್ಚ ಕಟ್ಟುತ್ತದೆ. 100 ಮೆಗಾಬಿಟ್ ಎಂಬ ಆಧಾರ ವೇಗವನ್ನು ಕೊಂಡಿಯ ವೇಗದಿಂದ ಭಾಗಿಸುವುದು, ಒಂದಕ್ಕಿಂತ ಕಡಿಮೆ ಬಂದರೆ ಒಂದು ಎಂದೇ ಹಿಡಿಯುವುದು ಅದರ ಕ್ರಮ. ಹಾಗಾದಾಗ 100 ಮೆಗಾಬಿಟ್‌ನ ಕೊಂಡಿಗೂ ಒಂದು ಗಿಗಾಬಿಟ್‌ನ ಕೊಂಡಿಗೂ ವೆಚ್ಚ ಒಂದೇ! ಹತ್ತು ಪಟ್ಟು ವೇಗದ ದಾರಿ ಕಣ್ಣೆದುರಿಗಿದ್ದರೂ ರೂಟರಿಗೆ ಎರಡೂ ಸಮ. ಆಧಾರ ವೇಗವನ್ನು ಎಲ್ಲ ರೂಟರುಗಳಲ್ಲೂ ಏರಿಸಿದರೆ ಇದು ಸರಿಹೋಗುತ್ತದೆ. ಈ ಮಾತು, ಅದರ ಕಾರಣ, ರೂಟರಿನ ಪರದೆಯಲ್ಲಿ ಅದು ಕಾಣುವ ಬಗೆ ಮೂರೂ ಇರುವ ಗೈಡನ್ನು ಕಣ್ಣುಮುಚ್ಚಿ ಕೊಳ್ಳಿ.

ಪರೀಕ್ಷೆ ಇಂಗ್ಲಿಷಿನಲ್ಲಿರುತ್ತದೆ, ಕನ್ನಡದಲ್ಲಿ ಇಲ್ಲ. ಕನ್ನಡ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದ ಮಕ್ಕಳು ಅಂಗಡಿಯಲ್ಲೇ ನಿಂತು ಎರಡು ಪುಟ ಓದಿ ನೋಡಲಿ. ಓದಿದ್ದನ್ನು ಜೊತೆಗಿದ್ದವರಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಲು ಬಂದರೆ ಆ ಪುಸ್ತಕ ಅವರಿಗೆ ಒಗ್ಗಿತು. ಬರದಿದ್ದರೆ ಅದು ಎಷ್ಟೇ ಹೆಸರುವಾಸಿಯಾಗಿದ್ದರೂ ಬೇರೆಯದನ್ನು ನೋಡಲಿ.

ಓದಿನ ಜೊತೆ ಕೈಕೆಲಸ ಬೇಕೇಬೇಕು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ ಸ್ವಿಚ್ ಸಿಗುತ್ತದೆ ನಿಜ, ಆದರೆ ಸಾಲ ಮಾಡಿ ಅದನ್ನು ಕೊಳ್ಳಬೇಕಿಲ್ಲ. ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಗೈಡಿನ ಪ್ರತಿ ಅಧ್ಯಾಯದ ಕೊನೆಗೆ ಅದರಲ್ಲಿ ಮಾಡಿ ನೋಡುವ ಅಭ್ಯಾಸವಿರಬೇಕು.

ಇನ್ನು ಮನಸ್ಸಿಗೆ ತುಂಬ ನೋವು ಕೊಡುವ ವಿಚಾರ. 'ಡಂಪ್' ಎಂಬ ಹೆಸರಿನಲ್ಲಿ ಪ್ರಶ್ನೋತ್ತರಗಳ ಕಡತಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ತರಬೇತಿ ಕೇಂದ್ರವೊಂದು ಶುಲ್ಕದ ಜೊತೆಗೆ ಇದನ್ನೇ 'ಗೈಡ್' ಎಂದು ಜೆರಾಕ್ಸ್ ಮಾಡಿ ಕೊಟ್ಟಿದ್ದನ್ನು ನನ್ನ ಬಳಿ ಕಲಿಯುವ ಹುಡುಗನೊಬ್ಬ ತಂದು ತೋರಿಸಿದ. ಕದ್ದ ಪ್ರಶ್ನೆಗಳು ಅವು. ಪರೀಕ್ಷೆಗೆ ಕೂರುವವರು ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಒಪ್ಪಂದಕ್ಕೆ ಸಮ್ಮತಿಸಿಯೇ ಒಳಗೆ ಹೋಗುತ್ತಾರೆ. ಅಕ್ರಮ ಸಾಬೀತಾದರೆ ಸಿಸ್ಕೊ ಪ್ರಮಾಣಪತ್ರವನ್ನೇ ರದ್ದುಮಾಡಬಹುದು. ಅದನ್ನೂ ತಪ್ಪಿಸಿಕೊಂಡು ಬಂದವರ ಪಾಡು ಸಂದರ್ಶನದಲ್ಲಿ ತಿಳಿಯುತ್ತದೆ. ನಮ್ಮಲ್ಲಿಗೆ ಬಂದ ಒಬ್ಬ ಅಭ್ಯರ್ಥಿಗೆ, ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ವಿಎಲ್ಎಎನ್‌ಗಳಲ್ಲಿರುವ (ಸ್ವಿಚ್ಚಿನೊಳಗೇ ಬೇರ್ಪಡಿಸಿದ ಜಾಲಗಳು) ಎರಡು ಕಂಪ್ಯೂಟರ್‌ಗಳು ಮಾತನಾಡಲು ಏನು ಬೇಕು ಎಂದು ಕೇಳಿದೆವು. ನಡುವೆ ರೂಟಿಂಗ್ ಬೇಕು ಎಂಬ ಉತ್ತರ ಮೊದಲ ಪಾಠಗಳಲ್ಲೇ ಬರುವಂಥದ್ದು. ಪ್ರಮಾಣಪತ್ರ ಕೈಯಲ್ಲಿದ್ದರೂ ಆತನಿಗೆ ಹೇಳಲಾಗಲಿಲ್ಲ. ಮುಖ ಕೆಂಪಾಗಿ ತಲೆ ತಗ್ಗಿಸಿ ಕೂತ. ಬುದ್ಧಿಯಿರುವ ಹುಡುಗ; ಅವನ ಕೈಗೆ ಆ ಕಾಗದದ ಕಟ್ಟು ಕೊಟ್ಟವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ತಂದೆ ತಾಯಂದಿರು ತರಬೇತಿಗೆ ಸೇರಿಸುವ ಮುನ್ನ, ನಿಮ್ಮಲ್ಲಿ ಓದಿಸುವ ಪುಸ್ತಕ ಯಾವುದು, ಯಾವ ವರ್ಷದ್ದು ಎಂದು ನೇರವಾಗಿ ಕೇಳಲಿ. ಪುಸ್ತಕದ ಹೆಸರು ಹೇಳಲು ಹಿಂಜರಿಯುವ ಕಡೆ ಹಣ ಕಟ್ಟುವುದು ಬೇಡ.

ಈಗ ನಮ್ಮ ಸಂಘಗಳಿಗೆ. ಪ್ರತಿ ವರ್ಷ ಈ ಹೊತ್ತಿಗೆ ನೋಟ್‌ಪುಸ್ತಕ ವಿತರಣೆ, ವಿದ್ಯಾರ್ಥಿವೇತನ, ಪ್ರತಿಭಾ ಪುರಸ್ಕಾರ ಎಲ್ಲವೂ ನಡೆಯುತ್ತವೆ; ಆ ನೆರವಿನಲ್ಲಿ ಓದಿದವರಲ್ಲಿ ನಾನೂ ಒಬ್ಬಳು. ಅದೇ ಹಣದ ಒಂದು ಪಾಲಿನಲ್ಲಿ ವಾಚನಾಲಯಕ್ಕೆ ಈಗಿನ ವಿಷಯಪಟ್ಟಿಗೆ ಹೊಂದುವ ಗೈಡಿನ ಒಂದೆರಡು ಪ್ರತಿಗಳನ್ನು ತರಿಸಿ. ಪಟ್ಟಿ ಬದಲಾದಾಗ ಪುಸ್ತಕವನ್ನೂ ಬದಲಿಸುವ ಹೊಣೆಯನ್ನು ಈ ಕ್ಷೇತ್ರದಲ್ಲಿರುವ ಒಬ್ಬ ಸದಸ್ಯರಿಗೆ ಒಪ್ಪಿಸಿ. ಐರೋಲಿ, ಮಹಾಪೆಗಳಲ್ಲಿ ದುಡಿಯುವ ನಮ್ಮವರು ಬೇಕಾದಷ್ಟಿದ್ದಾರೆ, ಕೇಳಿದರೆ ಬರುತ್ತಾರೆ. ಎರಡು ಲ್ಯಾಪ್‌ಟಾಪ್‌ಗಳಲ್ಲಿ ಪ್ಯಾಕೆಟ್ ಟ್ರೇಸರ್ ಹಾಕಿಟ್ಟರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳೂ ಅಭ್ಯಾಸ ಮಾಡಬಹುದು. ಒಂದೇ ಕೋಣೆಯಲ್ಲಿ ಐದಾರು ಮಂದಿ ಬದುಕುವ ಮನೆಗಳ ಮಕ್ಕಳಿಗೆ ಪುಸ್ತಕದಷ್ಟೇ ಕೂರುವ ಜಾಗವೂ ಮುಖ್ಯ. ಆ ಜಾಗ ಸಂಘದ ಕಟ್ಟಡದಲ್ಲಿ ವಾರದ ಬಹುಪಾಲು ದಿನ ಬಾಗಿಲು ಹಾಕಿಕೊಂಡಿರುತ್ತದೆ.

ಸಮುದ್ರದಾಳದಲ್ಲಿ ಬರುವ ಅಂತರರಾಷ್ಟ್ರೀಯ ಕೇಬಲ್‌ಗಳಲ್ಲಿ ಹಲವು ದಡ ಸೇರುವುದು ನಮ್ಮ ವರ್ಸೋವಾದಲ್ಲಿ. ನವಿ ಮುಂಬಯಿಯಲ್ಲಿ ಡೇಟಾ ಸೆಂಟರುಗಳು ಏಳುತ್ತಲೇ ಇವೆ. ಕೆಲಸ ಲೋಕಲ್ ರೈಲಿನ ದೂರದಲ್ಲಿದೆ. ಅದು ನಮ್ಮ ಮಕ್ಕಳಿಗೂ ಸಿಗಬೇಕು ಎಂಬುದು ನನ್ನ ಆಸೆ.

ಡೊಂಬಿವಲಿ, ಠಾಣೆ, ಕಲ್ಯಾಣದ ಯಾವ ಸಂಘ ಮುಂದೆ ಬಂದರೂ ಪುಸ್ತಕ ಆರಿಸಿಕೊಡಲು, ತಿಂಗಳಲ್ಲಿ ಎರಡು ಭಾನುವಾರ ಬೆಳಗ್ಗೆ ಬಂದು ಸಬ್‌ನೆಟ್‌ನ ಲೆಕ್ಕದಿಂದ ಪಾಠ ಶುರುಮಾಡಲು ನಾನು ಸಿದ್ಧಳಿದ್ದೇನೆ. ನನ್ನ ಫೋನ್ ಸಂಖ್ಯೆ ಪತ್ರಿಕಾ ಕಚೇರಿಯಲ್ಲಿದೆ. ಕೇಳಿದ ಸಂಘದವರಿಗೆ ಅದನ್ನು ಕೊಡಬೇಕೆಂದು ತಮ್ಮಲ್ಲಿ ವಿನಂತಿ.

ಇಂತಿ,
ನೆಟ್‌ವರ್ಕ್ ವಿಭಾಗದ ಉದ್ಯೋಗಿ, ತಮ್ಮ ಓದುಗಿ
ಡೊಂಬಿವಲಿ ಪೂರ್ವ