ನಿನ್ನ ತುಟಿಯ ಮೇಲಿನ ಕಲೆ

ಮಂಡ್ಯ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಕೆಳತುಟಿಯ ಮೇಲೆ ಸಣ್ಣದೊಂದು ಕಲೆ ಇದೆ ಅಲ್ವಾ? ನಡೆಯಲು ಕಲಿಯುವಾಗ ಹೊಸ್ತಿಲ ಮೇಲೆ ಬಿದ್ದೆ ಅಂತ ಇಷ್ಟು ವರ್ಷ ಹೇಳುತ್ತಾ ಬಂದೆ. ಅದು ಸುಳ್ಳು ಕಂದ. ಅವತ್ತು ನಿನಗೆ ಫಿಟ್ಸ್ ಬಂದಿತ್ತು. ನಾಲಿಗೆ ಕಚ್ಚಿಕೊಳ್ಳುತ್ತೀಯ ಅಂತ ನಿಮ್ಮಜ್ಜಿ ಬಾಯಿಗೆ ಚಮಚ ತುರುಕಿದರು. ಆಗ ಆದ ಗಾಯ ಅದು. ಚಮಚ ಅಜ್ಜಿಯ ಕೈಯಲ್ಲಿತ್ತು, ನಿನ್ನ ದವಡೆ ಹಿಡಿದಿದ್ದವಳು ನಾನು.

ಹೋದ ವಾರ ಪಾಪುವಿಗೆ 9 ತಿಂಗಳ ಇಂಜೆಕ್ಷನ್ ಹಾಕಿಸಲು ನಿನ್ನ ಜೊತೆ ಬಂದಿದ್ದೆನಲ್ಲ, ಡಾಕ್ಟರು ಕೇಳಿದರು, ಮನೆಯಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಫಿಟ್ಸ್ ಬಂದಿತ್ತಾ ಅಂತ. ನೀನು ನನ್ನ ಮುಖ ನೋಡಿದೆ. ನಾನು ಸುಮ್ನೆ ಕೂತಿದ್ದೆ. ನೀನು ಇಲ್ಲ ಅಂದೆ. ಮಂಡ್ಯಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ. ನಿನ್ನೆ ನೀನು ಫೋನ್ ಮಾಡಿ ಪಾಪುವಿಗೆ ಮೂಗು ಸೋರುತ್ತಿದೆ, ಮೈ ಬೆಚ್ಚಗಿದೆ ಅಂದೆ. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಇವತ್ತು ಬೆಳಿಗ್ಗೆ ಇಲ್ಲೇ ಒಬ್ಬ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿ, ಕೇಳಿಕೊಂಡು ಬಂದೆ.

1996ರ ಡಿಸೆಂಬರ್. ಆಗ ನಾವು ಹಳ್ಳಿಯಲ್ಲೇ ಇದ್ದೆವು. ಕಬ್ಬು ಕಡಿಯುವ ಕಾಲ, ನಿಮ್ಮಪ್ಪ ಗದ್ದೆಯಲ್ಲಿದ್ದರು. ನಿನಗೆ 1 ವರ್ಷ 3 ತಿಂಗಳು. ಎರಡು ದಿನದಿಂದ ನೆಗಡಿ ಇತ್ತು ಅಷ್ಟೇ, ಜ್ವರ ಇದೆ ಅಂತಲೂ ನನಗೆ ಗೊತ್ತಿರಲಿಲ್ಲ. ತೊಡೆಯ ಮೇಲೆ ಮಲಗಿದ್ದವಳು ಇದ್ದಕ್ಕಿದ್ದಂತೆ ಸೆಟೆದುಕೊಂಡೆ. ಕಣ್ಣು ಮೇಲಕ್ಕೆ ಹೋಯಿತು. ಕೈಕಾಲು ಒಂದೇ ಸಮ ಅದುರತೊಡಗಿತು. ಬಾಯಲ್ಲಿ ನೊರೆ, ತುಟಿ ನೀಲಿ. ನನ್ನ ಮಗು ಹೋಯಿತು ಅಂತಲೇ ಅಂದುಕೊಂಡೆ. ಒಬ್ಬರು ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಿದರು. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಯಾರೋ ಬರೆ ಹಾಕಿ ಅಂದಾಗ ಮಾತ್ರ ನಾನು ನಿನ್ನನ್ನು ಎತ್ತಿಕೊಂಡು ಹೊರಗೆ ಓಡಿದೆ. ಪಕ್ಕದ ಮನೆಯವರ ಸ್ಕೂಟರ್ ಹತ್ತುವಷ್ಟರಲ್ಲಿ ಅದುರುವುದು ತಾನಾಗೇ ನಿಂತಿತ್ತು. ನೀನು ಜೋರಾಗಿ ಅತ್ತೆ. ಅಷ್ಟು ಚೆಂದದ ಅಳು ನಾನು ಆಮೇಲೆ ಯಾವತ್ತೂ ಕೇಳಿಲ್ಲ.

ಮಂಡ್ಯದ ಡಾಕ್ಟರು ನೋಡಿ, ಇದು ಜ್ವರದ ಫಿಟ್ಸ್, ಮೂರ್ಛೆ ರೋಗ ಅಲ್ಲ ಅಂದರು. ಮನೆಗೆ ಬಂದಮೇಲೆ ಅಜ್ಜಿ ನನ್ನನ್ನು ಒಳಗೆ ಕರೆದು, "ಹೆಣ್ಮಗ ಕಣವ್ವ, ಯಾರ್ಗೂ ಹೇಳ್ಬೇಡ, ನಾಳೆ ಮದ್ವೆಗೆ ತೊಂದ್ರೆ ಆಯ್ತದೆ" ಅಂದರು. ನಿನಗೆ ಎರಡೂವರೆ ವರ್ಷ ಆದಾಗ ಇನ್ನೊಂದು ಸಲ ಬಂತು. ಅವತ್ತೂ ಬಾಗಿಲು ಹಾಕಿಕೊಂಡೆವು. ಅಜ್ಜಿಗೆ ನಿನ್ನ ಮೇಲೆ ಪ್ರಾಣ, ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ನಿನ್ನ ಮದುವೆಯಾದ ಮೇಲೂ ನಾನು ಮುಚ್ಚಿಟ್ಟಿದ್ದಕ್ಕೆ ಅಜ್ಜಿಯನ್ನು ಹೊಣೆ ಮಾಡಲಾರೆ.

ಈಗ, ಇವತ್ತು ಬೆಳಿಗ್ಗೆ ಡಾಕ್ಟರು ಹೇಳಿದ್ದನ್ನು ಕೇಳು. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 2ರಿಂದ 5 ಮಕ್ಕಳಿಗೆ ಈ ಜ್ವರದ ಫಿಟ್ಸ್ ಬರುತ್ತದಂತೆ. ಎಷ್ಟು ಮನೆಗಳಲ್ಲಿ ನಮ್ಮ ಹಾಗೆ ಮುಚ್ಚಿಟ್ಟಿದ್ದಾರೋ! ಬಹಳ ಸಲ ಹಿಂದೆ ಇರುವುದು ಮಾಮೂಲಿ ವೈರಸ್. ಫ್ಲೂ, ಆರ್‌ಎಸ್‌ವಿ, ಅಡಿನೋವೈರಸ್ ಅನ್ನುವ ನೆಗಡಿ-ಕೆಮ್ಮಿನ ವೈರಸ್‌ಗಳು, ಕೊರೊನಾ ಕೂಡ. ವೈರಸ್ ಮಿದುಳಿಗೆ ಹೋಗಿ ಹಾಳುಮಾಡುತ್ತದೆ ಅಂತ ಅಲ್ಲ. ಎಳೆಯ ಮಿದುಳು ಜ್ವರವನ್ನು ತಡೆದುಕೊಳ್ಳುವುದಿಲ್ಲ, ಅಷ್ಟೇ. ಒಮ್ಮೆ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮತ್ತೆ ಬರಬಹುದು. ತಾಯಿಗೋ ತಂದೆಗೋ ಚಿಕ್ಕಂದಿನಲ್ಲಿ ಬಂದಿದ್ದರೆ ಮಗುವಿಗೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ನಾನು ನಿನಗೆ ಹೇಳಲೇಬೇಕಾಗಿದ್ದ ಮಾತು ಇದು.

ಹಾಗಂತ ಬಂದೇ ಬರುತ್ತದೆ ಅಂತ ಅಲ್ಲ. ಬಂದರೆ ಪಾಪುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸು. ಕೈಕಾಲು ಅದುಮಿ ಹಿಡಿಯಬೇಡ. ಬಾಯಿಗೆ ಚಮಚ, ನೀರು, ಬೆರಳು ಏನನ್ನೂ ಹಾಕಬೇಡ, ಯಾರು ಹೇಳಿದರೂ ಸರಿ. ಗಡಿಯಾರ ನೋಡು. ನನಗೆ ಅವತ್ತು ಒಂದು ಯುಗ ಅನ್ನಿಸಿದ್ದು ಬಹುಶಃ ಎರಡೇ ನಿಮಿಷ ಇರಬೇಕು. 5 ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡು. ಬೇಗ ನಿಂತರೂ, ಮೊದಲ ಸಲ ಆದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಒಂದೇ ದಿನ ಎರಡು ಸಲ ಬಂದರೆ, ಒಂದೇ ಕಡೆಯ ಕೈಕಾಲು ಅದುರಿದರೆ, ಕುತ್ತಿಗೆ ಬಿಗಿದರೆ, ಉಸಿರಾಟಕ್ಕೆ ಕಷ್ಟವಾದರೆ, ನಿಂತಮೇಲೂ ಸರಿಯಾಗಿ ಎಚ್ಚರವಾಗದಿದ್ದರೆ ಒಂದು ಗಳಿಗೆಯೂ ಕಾಯಬೇಡ. ಬೇರೆ ಕಾಯಿಲೆ ಇರಬಹುದು.

ಇನ್ನೊಂದು ಮಾತು ಕೇಳಿ ನನಗೇ ಆಶ್ಚರ್ಯವಾಯಿತು. ಪ್ಯಾರಾಸಿಟಮಾಲ್ ಕೊಟ್ಟರೆ ಮಗುವಿಗೆ ಹಾಯೆನಿಸುತ್ತದೆ, ಆದರೆ ಫಿಟ್ಸ್ ಬರದಂತೆ ಅದು ತಡೆಯುವುದಿಲ್ಲವಂತೆ. ಆದ್ದರಿಂದ ಔಷಧಿ ಕೊಡುವುದು ತಡವಾಯಿತು, ಅದಕ್ಕೇ ಹೀಗಾಯಿತು ಅಂತ ನಿನ್ನನ್ನು ನೀನೇ ಬೈದುಕೊಳ್ಳಬೇಡ. ನಾನು ವರ್ಷಗಟ್ಟಲೆ ಬೈದುಕೊಂಡಿದ್ದೇನೆ. ತೂಕ ನೋಡಿ ಡಾಕ್ಟರು ಹೇಳಿದಷ್ಟೇ ಹಾಕು. ತಣ್ಣೀರು ಸ್ನಾನ, ಐಸ್ ಬೇಡ. ಎದೆಹಾಲು ಕುಡಿಸುತ್ತಿರು.

ಮುಂದೆ ಬುದ್ಧಿ ಮಂಕಾಗುತ್ತದೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಎರಡು ಸಲ ಬಂದಿದ್ದ ಹುಡುಗಿ ಇವತ್ತು ಮೈಸೂರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಾಳೆ.

ಅಳಿಯಂದಿರಿಗೂ ಈ ಪತ್ರ ಓದಲು ಕೊಡು. ಬೇಬಿ ಸಿಟ್ಟಿಂಗ್‌ನ ಆಂಟಿಗೂ ಹೇಳು, ನಾಚಿಕೆ ಪಡಬೇಡ. ನನ್ನ ಮೇಲೆ ಕೋಪ ಬಂದರೆ ಬರಲಿ. ನಾಳೆ ಮೊದಲನೇ ಬಸ್ಸಿಗೆ ಹೊರಟು ಬರುತ್ತೇನೆ. ಪಾಪುವನ್ನು ಕರೆದುಕೊಂಡು ಆ ಡಾಕ್ಟರ ಹತ್ತಿರವೇ ಹೋಗೋಣ. ಅವರು ಅವತ್ತು ಕೇಳಿದ ಪ್ರಶ್ನೆಗೆ ನಾನೇ ಉತ್ತರ ಹೇಳುತ್ತೇನೆ.

ನಿನ್ನ
ಅಮ್ಮ